ಶತ್ರು ಹಿಡಿದ ಊರಿನಲ್ಲೊಂದು ಹೊಲ

"ದೇವರು ಕರೆದಿದ್ದರೆ ದಾರಿಯನ್ನೂ ಅವನೇ ತೆರೆಯುತ್ತಾನೆ." ನಮ್ಮ ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದು ನಿಂತವರ ಬಾಯಲ್ಲಿ ಈ ಮಾತು ಬಾರದ ಭಾನುವಾರವೇ ಅಪರೂಪ. ಹೇಳುವವರ ಮಟ್ಟಿಗೆ ಅದು ನಿಜ. ಅವರಿಗೆ ದಾರಿ ತೆರೆದಿದೆ, ಅದಕ್ಕೇ ಮೈಕಿನ ಮುಂದೆ ನಿಂತಿದ್ದಾರೆ. ಅದೇ ಮಾತನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿಸಿಕೊಳ್ಳುವವರೂ ಇದ್ದಾರೆ. ನನ್ನ ಭಾನುವಾರದ ಶಾಲೆಯಲ್ಲಿ ಓದಿ ಬೆಳೆದ ಹುಡುಗನೊಬ್ಬ ಈಚೆಗೆ ಆರಾಧನೆ ಮುಗಿದ ಮೇಲೆ ಕೇಳಿದ: "ಟೀಚರ್, ದಾರಿ ತೆರೆಯದಿದ್ದರೆ ದೇವರು ಕರೆದೇ ಇರಲಿಲ್ಲ ಎಂದು ಅರ್ಥವೇ?" ಸಭಾಪಾಲನೆಗೆ ಹೋಗಬೇಕೆಂಬುದು ಚಿಕ್ಕಂದಿನಿಂದ ಅವನ ಮನಸ್ಸಿನಲ್ಲಿರುವುದು. ಅರ್ಜಿ ಹಾಕಿದಲ್ಲೆಲ್ಲ ಇಲ್ಲ ಎಂದಿದ್ದಾರೆ. ಈಗ ಮೈಸೂರಿನ ಒಂದು ಔಷಧಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ರಾತ್ರಿ ರೈಲಿನಲ್ಲಿ ಮಂಡ್ಯಕ್ಕೆ ಮರಳುತ್ತಾನೆ.

ಗೇಟಿನ ಬಳಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಈ ಪ್ರಶ್ನೆಯನ್ನು ನಾನೂ ಬಹಳ ಕಾಲ ಹೊತ್ತು ತಿರುಗಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂಥವರಿಗೆ ನಾವು ಸಾಮಾನ್ಯವಾಗಿ ಸತ್ಯವೇದದ, ಅಂದರೆ ಬೈಬಲಿನ, ಯೋಸೇಫನ ಕಥೆ ಹೇಳಿ ಸಮಾಧಾನ ಮಾಡುತ್ತೇವೆ. 17ರ ಹರೆಯದಲ್ಲಿ ಅಣ್ಣಂದಿರು ಮಾರಿದರು, 30ನೆಯ ವಯಸ್ಸಿನಲ್ಲಿ ಐಗುಪ್ತದ (ಈಜಿಪ್ಟಿನ) ಅರಸ ಫರೋಹನ ಮುಂದೆ ನಿಂತ, ನಡುವೆ ಗುಲಾಮಗಿರಿ, ಸುಳ್ಳು ಆಪಾದನೆ, ಸೆರೆಮನೆ. ದೊಡ್ಡ ಕಥೆ, ಅನುಮಾನವಿಲ್ಲ. ಆದರೆ ಸೆರೆಮನೆಯ ಕೊನೆಗೆ ಅರಮನೆ ಕಾದಿರುತ್ತದೆ ಎಂಬ ಭರವಸೆಯನ್ನು ಕೇಳುವವನು ಅದರಿಂದ ತಾನಾಗಿಯೇ ಎತ್ತಿಕೊಂಡುಬಿಡುತ್ತಾನೆ. ಅರಮನೆ ಬಾರದಿದ್ದವರ ಕೈಗೆ ಆ ಕಥೆಯನ್ನು ಕೊಟ್ಟು ಕಳುಹಿಸಲು ನನಗೆ ಮನಸ್ಸು ಬರುವುದಿಲ್ಲ. ಕಷ್ಟದ ವರ್ಷಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು ಬೇರೆಯವನು. ಅವನ ವಿಷಯಕ್ಕೆ ಬರುವ ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕು.

ನಾನು ಮಂಡ್ಯದವಳು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಲ್ಲೆಲ್ಲ ಇಲ್ಲಿ ಕಬ್ಬು, ಭತ್ತ. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದ ಕಾಲದಿಂದ ಈ ಸೀಮೆಯ ಮದುವೆ, ಮನೆ ಕಟ್ಟುವುದು, ಸಾಲ ತೀರಿಸುವುದು ಎಲ್ಲವೂ ಕಬ್ಬಿನ ಬಿಲ್ಲಿನ ದಾರಿ ಕಾಯುತ್ತವೆ. ಬೆಳೆಯುವವರು ನಮ್ಮವರು. ಕಡಿಯುವವರಲ್ಲಿ ಬಹಳ ಮಂದಿ ದೂರದವರು. ಬಳ್ಳಾರಿ, ವಿಜಯನಗರದ ಕಡೆಯ ಊರು, ತಾಂಡಾಗಳಿಂದ ಮೇಸ್ತ್ರಿಯ ಕೈಯಲ್ಲಿ ಮುಂಗಡ ಪಡೆದು ಗುಂಪು ಗುಂಪಾಗಿ ಬರುತ್ತಾರೆ. ಗದ್ದೆಯ ಬದಿಯಲ್ಲೋ ನಾಲೆಯ ಏರಿಯ ಮೇಲೋ ಟಾರ್ಪಾಲು ಕಟ್ಟಿ ಬಿಡಾರ ಹೂಡುತ್ತಾರೆ. ಬೆಳಕು ಹರಿಯುವ ಮೊದಲೇ ಗಂಡ ಹೆಂಡತಿ ಇಬ್ಬರೂ ಮಚ್ಚು ಹಿಡಿದು ಗದ್ದೆಗೆ ಇಳಿಯುತ್ತಾರೆ. ಅವನು ಕಡಿಯುತ್ತಾನೆ, ಅವಳು ಸೋಗೆ ಸವರಿ, ಅದೇ ಸೋಗೆಯನ್ನು ಹುರಿ ಮಾಡಿ ಹೊರೆ ಕಟ್ಟುತ್ತಾಳೆ. ಮಕ್ಕಳು ಬಿಡಾರದಲ್ಲಿ. ಎಂಟು ಒಂಬತ್ತು ವರ್ಷದ ಹುಡುಗಿಯ ಸೊಂಟದಲ್ಲಿ ಒಂದು ಕೂಸು, ಹಿಂದೆ ಇನ್ನೊಂದು. ಅಕ್ಕಪಕ್ಕದ ಸರ್ಕಾರಿ ಶಾಲೆಯ ಗಂಟೆ ಆ ಮಕ್ಕಳಿಗೂ ಕೇಳಿಸುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಕಡ್ಡಾಯ. ವಲಸೆ ಬಂದವರ ಮಕ್ಕಳಿಗೆಂದೇ ಟೆಂಟ್ ಶಾಲೆಗಳ ಏರ್ಪಾಡೂ ನಮ್ಮ ರಾಜ್ಯದಲ್ಲಿದೆ. ಆದರೆ ಗುಂಪು ಒಂದೇ ಕಡೆ ನಿಲ್ಲುವುದಿಲ್ಲ. ಈ ಗದ್ದೆ ಮುಗಿದರೆ ಮುಂದಿನ ಊರು. ಹೆಸರು ಊರಿನ ಶಾಲೆಯ ಹಾಜರಿಯಲ್ಲಿ, ಮಗು ಕಬ್ಬಿನ ಗದ್ದೆಯಲ್ಲಿ.

ನಾನು ಖಾಸಗಿ ಶಾಲೆಯೊಂದರಲ್ಲಿ ಒಂದನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಬಸ್ಸಿನ ಕಿಟಕಿಯಿಂದ ದಿನವೂ ಈ ಬಿಡಾರಗಳನ್ನು ನೋಡುತ್ತಿದ್ದೆ. ನನಗೆ ಯಾವ ಧ್ವನಿಯೂ ಕೇಳಿಸಲಿಲ್ಲ, ಕನಸಿನಲ್ಲಿ ಯಾರೂ ಬಂದು ಹೇಳಲಿಲ್ಲ. ನೋಡಿದ್ದು ಕಣ್ಣಿನಿಂದ ಹೋಗಲಿಲ್ಲ, ಅಷ್ಟೇ. ಪ್ರಾರ್ಥನೆಗೆ ಕುಳಿತರೆ ಆ ಮಕ್ಕಳೇ ಎದುರಿಗೆ ಬರುತ್ತಿದ್ದರು. ತಿಂಗಳುಗಟ್ಟಲೆ ಹಾಗಾದ ಮೇಲೆ ಇದು ನನ್ನ ಮರುಕ ಮಾತ್ರವಲ್ಲ, ನನಗೆ ಯಾರೋ ಒಪ್ಪಿಸುತ್ತಿರುವ ಕೆಲಸ ಎಂದು ನಂಬಿದೆ. ಇಂದಿಗೂ ಹಾಗೆಯೇ ನಂಬುತ್ತೇನೆ. ನಮ್ಮ ಯಜಮಾನರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಎಷ್ಟು ಗಂಟೆಗೆ ಮನೆಗೆ ಬರುತ್ತೀಯೆ?"

ಹೋಗಿ ಬರುವ ಮಕ್ಕಳಿಗೆ ಏನು ಕಲಿಸುವುದು? ನಲಿ-ಕಲಿ ಪದ್ಧತಿ ನನ್ನ ಕೈಹಿಡಿಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಅಲ್ಲಿ ಅಕ್ಷರ ಕಲಿಸುವುದು ಅ, ಆ, ಇ, ಈ ಎಂಬ ಕ್ರಮದಲ್ಲಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸರ, ದರ, ಅರಸ, ಅಗಸ, ಗರಗಸ ಎಂದು ಮಗು ಓದಿಯೇಬಿಡುತ್ತದೆ. ಸ್ವರಗಳನ್ನೆಲ್ಲ ಸಾಲಾಗಿ ತಿದ್ದಿಸುತ್ತ ಹೋದರೆ ಮೊದಲ ಪದ ಕೈಗೆ ಸಿಗುವ ಹೊತ್ತಿಗೆ ಗುಂಪು ಊರು ಬಿಟ್ಟಿರುತ್ತದೆ. ಇದನ್ನು ರೂಪಿಸಿದ ಶಿಕ್ಷಕರನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ವಂದಿಸಿದ್ದೇನೋ.

ಒಬ್ಬಳು ಹುಡುಗಿಯನ್ನು ಮರೆಯಲಾರೆ. ತಮ್ಮನನ್ನು ಸೊಂಟದಿಂದ ಇಳಿಸದೆಯೇ ಸ್ಲೇಟಿನ ಮೇಲೆ ಬರೆಯುತ್ತಿದ್ದಳು. ಅವಳ ಬಿಡಾರದ ಬಾಗಿಲಿಗೆ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದು ಪರದೆ ಕಟ್ಟಿದ್ದರು. ಒಂದು ಸಂಜೆ ಅವಳು ಆ ಪರದೆಯ ಮುಂದೆ ನಿಂತು ಬೆರಳಿಟ್ಟು ಓದಿದಳು: "ರ... ಸ..." ಮೂರನೆಯದರ ಮೇಲೆ ಬೆರಳು ನಿಂತಿತು. "ಇದು ಗ. ಆದರೆ ಇದಕ್ಕೆ ಏನೋ ಸೇರಿಸಿದ್ದಾರೆ." ಮುಂದಿನ ಒತ್ತಕ್ಷರವನ್ನು ಬಿಟ್ಟು ಕೊನೆಯದಕ್ಕೆ ಹಾರಿದಳು. "ಇದು ಮತ್ತೆ ರ!" ರಸಗೊಬ್ಬರ. ಹಂಗಾಮು ಪೂರ್ತಿ ಅವಳು ಆ ಅಕ್ಷರಗಳ ಕೆಳಗೇ ಮಲಗಿ ಎದ್ದಿದ್ದಳು. ಅವು ಮಾತನಾಡುತ್ತವೆ ಎಂದು ಆ ಸಂಜೆ ಗೊತ್ತಾಯಿತು. ಗ ಎಂಬುದು ಗೊ ಆಗುವುದು ಹೇಗೆಂದು ಮಾರನೆಯ ದಿನ ತೋರಿಸುತ್ತೇನೆ ಎಂದು ಹೇಳಿ ಬಂದೆ. ಮಾರನೆಯ ದಿನ ಹೋದಾಗ ಅಲ್ಲಿ ಒಲೆಯ ಮೂರು ಕಲ್ಲು, ಬೂದಿ ಮಾತ್ರ ಇದ್ದವು. ರಾತ್ರಿಯೇ ಟ್ರ್ಯಾಕ್ಟರ್ ಬಂದು ಗುಂಪನ್ನು ಬೇರೆ ಕಡೆಗೆ ಕರೆದೊಯ್ದಿತ್ತು. ಆಮೇಲೆ ಅವಳನ್ನು ಕಂಡಿಲ್ಲ.

ನನ್ನ ಕೆಲಸದ ಸ್ವರೂಪವೇ ಇದು. ಪ್ರತಿ ಹಂಗಾಮಿನಲ್ಲೂ ಮತ್ತೆ ರ ದಿಂದ ಶುರು. ಯಾರು ಮುಂದೆ ಓದಿದರು, ಯಾರು ಬಿಟ್ಟರು, ಯಾರಿಗೆ ಮದುವೆ ಮಾಡಿಬಿಟ್ಟರು, ತಿಳಿಯುವುದಿಲ್ಲ. ವರದಿಯಲ್ಲಿ ತುಂಬಿಸಲು ನನ್ನ ಬಳಿ ಏನೂ ಇರಲಿಲ್ಲ. ಸ್ಲೇಟು, ಸೀಮೆಸುಣ್ಣ, ಬಸ್ ಖರ್ಚಿಗೆ ನೆರವು ಕೊಡುತ್ತಿದ್ದ ಒಂದು ಸಂಸ್ಥೆ ಫಲಿತಾಂಶ ತೋರಿಸಿ ಎಂದು ಕೇಳಿತು, ತೋರಿಸಲಾಗದಿದ್ದಾಗ ನೆರವು ನಿಲ್ಲಿಸಿತು. ಅವರ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಶಾಲೆಯವರು ಸಂಜೆ ಬೇಗ ಬಿಡಲು ಒಪ್ಪದ್ದರಿಂದ ಆ ಕೆಲಸವನ್ನು ಬಿಟ್ಟೆ. ಮನೆಯಲ್ಲಿ ಟ್ಯೂಷನ್ ಹೇಳಿಕೊಡುವುದರಿಂದ ಸಂಸಾರ ನಡೆಯಿತು. ಗದ್ದೆಯ ಮಾಲೀಕರೊಬ್ಬರು ದಾರಿಯಲ್ಲಿ ತಡೆದು, "ಏನಮ್ಮ, ಇವರನ್ನು ಮತಾಂತರ ಮಾಡಲು ಬಂದಿದ್ದೀರಾ?" ಎಂದು ಕೇಳಿದರು. ಚೀಲ ಬಿಚ್ಚಿ ಇದ್ದ ಮಿಂಚುಪಟ್ಟಿಗಳನ್ನೆಲ್ಲ, ಪದ ಬರೆದ ಆ ಕಾರ್ಡುಗಳನ್ನೆಲ್ಲ, ಅವರ ಮುಂದೆ ಹರಡಿದೆ: ಸರ, ಅರಸ, ಗರಗಸ. ಕೆಲವು ದಿನ ದೂರದಿಂದ ನಿಂತು ನೋಡಿದರು. ಆಮೇಲೆ ತಮ್ಮ ಪಂಪ್‌ಸೆಟ್ ಮನೆಯ ಜಗುಲಿಯನ್ನೇ ಬಿಟ್ಟುಕೊಟ್ಟರು. ಇನ್ನೊಬ್ಬರು ತಮ್ಮ ಗದ್ದೆಯ ಕಡೆ ಬರಲೇಬೇಡಿ ಎಂದರು. ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ. ಅಕ್ಷರ ಕೊಟ್ಟು ಅದಕ್ಕೆ ಬದಲಾಗಿ ಏನನ್ನೂ, ಪ್ರಾರ್ಥನೆಯನ್ನು ಸಹ, ಕೇಳಬಾರದು ಎಂಬುದು ಮೊದಲ ದಿನದಿಂದ ನಾನು ಇಟ್ಟುಕೊಂಡ ನಿಯಮ. ಹಸಿದ ಮಗುವಿನ ಮುಂದೆ ಷರತ್ತು ಇಡುವುದನ್ನು ಯೇಸುವಿನಲ್ಲಿ ನಾನು ಕಂಡಿಲ್ಲ.

ಇಷ್ಟೆಲ್ಲ ತಡೆದುಕೊಂಡೆ. ಆಮೇಲೆ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ನಿಂತವು. ಮಾತು ತೊದಲತೊಡಗಿತು. ಅವರನ್ನು ಬಿಟ್ಟು ಸಂಜೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಅವರು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ 2023ರ ಬರ ಬಂತು. ನಾಲೆಗೆ ನೀರಿಲ್ಲ, ಮಂಡ್ಯದ ರಸ್ತೆಗಳಲ್ಲಿ ಕಾವೇರಿ ಹೋರಾಟ, ಗದ್ದೆಗಳಲ್ಲಿ ಒಣಗಿದ ಕಬ್ಬು. ನಾನು ಹೋಗುತ್ತಿದ್ದ ಏರಿಯ ಮೇಲೆ ಬಿಡಾರಗಳೇ ಕಾಣಲಿಲ್ಲ. ಹೋಗಲು ಆಗದ ವರ್ಷಗಳಾದ ಮೇಲೆ, ಹೋದರೂ ಮಕ್ಕಳಿಲ್ಲದ ವರ್ಷ.

ಬಂದವರೆಲ್ಲ ಸಮಾಧಾನ ಹೇಳಿದರು. ಕೆಲವರು, "ದೇವರು ಆ ಬಾಗಿಲನ್ನು ಮುಚ್ಚಿದ್ದಾನೆ ಎಂದು ತಿಳಿದುಕೋ" ಎಂದರು. ಇನ್ನೂ ಹೆಚ್ಚು ಜನ, "ಈಗ ಗಂಡನ ಸೇವೆಯೇ ನಿನಗೆ ದೇವರು ಕೊಟ್ಟ ಕರೆ" ಎಂದರು. ಈ ಎರಡನೆಯ ಮಾತು ಕೇಳಲು ಚೆನ್ನಾಗಿದೆ, ಆದರೆ ನಾನು ಅದನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅವರನ್ನು ನೋಡಿಕೊಂಡದ್ದು ಪ್ರೀತಿಯಿಂದ, ಅವರು ನನ್ನವರು ಎಂಬುದರಿಂದ. ಅದಕ್ಕೆ ಬೇರೆ ದೈವಾಜ್ಞೆ ಬೇಕಿರಲಿಲ್ಲ. ಅದರಿಂದ ಆ ಮಕ್ಕಳ ಕರೆ ತೀರಿಯೂ ಹೋಗಲಿಲ್ಲ. ಗಂಜಿ ಕುಡಿಸುವಾಗಲೂ ಅದು ಒಳಗೆ ನೋಯುತ್ತಲೇ ಇತ್ತು. ಕೈಗೆಟುಕದ ಕೆಲಸವನ್ನು ಬೇರೆ ಹೆಸರಿನಿಂದ ಕರೆದು ನೋವು ಕಡಿಮೆ ಮಾಡಿಕೊಳ್ಳುವುದಕ್ಕಿಂತ, ಆ ನೋವನ್ನು ನೋವೆಂದೇ ದೇವರ ಮುಂದೆ ಇಡುವುದು ಹೆಚ್ಚು ನಂಬಿಗಸ್ತಿಕೆ ಎಂದು ನನಗೆ ಅನ್ನಿಸಿತು. ಹಾಗೆ ಇಟ್ಟವನೊಬ್ಬ ಸತ್ಯವೇದದಲ್ಲಿ ಇದ್ದಾನಲ್ಲ, ಪ್ರವಾದಿ ಯೆರೆಮೀಯ.

ಯೋಷೀಯ ಅರಸನ ಆಳ್ವಿಕೆಯ 13ನೆಯ ವರ್ಷ ದೇವರು ಅವನನ್ನು ಕರೆದಾಗ, ನಾನಿನ್ನೂ ಬಾಲಕ, ಮಾತನಾಡಲು ಬಾರದು ಎಂದು ಹಿಂಜರಿದವನು ಅವನು. ಅಲ್ಲಿಂದ ಯೆರೂಸಲೇಮ್ ಬೀಳುವವರೆಗೆ ಸುಮಾರು 40 ವರ್ಷ ಒಂದೇ ಎಚ್ಚರಿಕೆಯ ಮಾತು. ಕೇಳಿದವರು ಬೆರಳೆಣಿಕೆಯಷ್ಟು. ಹೊಡೆದು ಕೋಳಕ್ಕೆ ಹಾಕಿದರು. ಸುರುಳಿಯಲ್ಲಿ ಬರೆಸಿ ಕಳುಹಿಸಿದರೆ ಯೆಹೋಯಾಕೀಮ ಅರಸ ಚಳಿಗಾಲದ ಅರಮನೆಯಲ್ಲಿ ಕುಳಿತು ಓದಿಸುತ್ತ, ಮೂರು ನಾಲ್ಕು ಅಂಕಣ ಮುಗಿದಂತೆಲ್ಲ ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕಿದ. ಯೆರೆಮೀಯ ಮತ್ತೆ ಮೊದಲಿನಿಂದ ಹೇಳಿದ, ಅವನ ಲಿಪಿಕಾರ ಬಾರೂಕ ಮತ್ತೆ ಮೊದಲಿನಿಂದ ಬರೆದ. ಕಡೆಗೆ ಕೆಸರು ತುಂಬಿದ ಬಾವಿಗೆ ಇಳಿಸಿದರು. ಕೂಷ್ ದೇಶದ ಎಬೆದ್ಮೆಲೆಕ ಹಗ್ಗ ಇಳಿಬಿಟ್ಟು, ಕಂಕುಳು ಉಜ್ಜಿಹೋಗದಿರಲೆಂದು ಹಳೆಯ ಚಿಂದಿ ಬಟ್ಟೆಗಳನ್ನೂ ಜೊತೆಗೆ ಕೊಟ್ಟು ಮೇಲಕ್ಕೆತ್ತಿದ. ಆ ಚಿಂದಿ ಬಟ್ಟೆಗಳನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಕಷ್ಟದಲ್ಲಿರುವವರಿಗೆ ನೆರವಾಗುವುದು ಹೇಗೆಂದು ಆ ಮನುಷ್ಯನಿಗೆ ಗೊತ್ತಿತ್ತು.

ಇದನ್ನೆಲ್ಲ ಯೆರೆಮೀಯ ಸುಮ್ಮನೆ ನುಂಗಿಕೊಳ್ಳಲಿಲ್ಲ. ಹುಟ್ಟಿದ ದಿನವನ್ನು ಶಪಿಸಿದ. ನೀನು ನನ್ನನ್ನು ಮರುಳುಗೊಳಿಸಿದೆ ಎಂದು ದೇವರಿಗೇ ಹೇಳಿದ. ಇನ್ನು ನಿನ್ನ ಹೆಸರು ಎತ್ತುವುದಿಲ್ಲ ಎಂದು ತೀರ್ಮಾನಿಸಿದರೆ, ಆ ಮಾತು ಎಲುಬುಗಳೊಳಗೆ ಮುಚ್ಚಿಟ್ಟ ಬೆಂಕಿಯಾಗಿ ಉರಿಯಿತು, ತಡೆದು ತಡೆದು ಸಾಕಾಯಿತು ಎಂದ. ಕರೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅವನ ಗ್ರಂಥದ ಆ 20ನೆಯ ಅಧ್ಯಾಯವನ್ನು. ಅಲ್ಲಿ ದಾರಿ ತೆರೆದ ಸುಳಿವು ಒಂದೂ ಇಲ್ಲ, ಬೆಂಕಿ ಮಾತ್ರ ಆರಿಲ್ಲ.

ಇನ್ನು ಆ ಹೊಲದ ವಿಷಯ, 32ನೆಯ ಅಧ್ಯಾಯ. ಚಿದ್ಕೀಯ ಅರಸನ ಆಳ್ವಿಕೆಯ 10ನೆಯ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಯೆರೆಮೀಯ ಕಾವಲುಗಾರರ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ, ಬಂಧುವಾಗಿ ಅದನ್ನು ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಅನಾತೋತ್ ಯೆರೂಸಲೇಮಿಗೆ ಕೂಗಳತೆಯ ಊರು, ಯೆರೆಮೀಯನ ಹುಟ್ಟೂರು. ಸುತ್ತ ಶತ್ರುವಿನ ದಂಡು. ದೇಶವೇ ಬಾಬೆಲಿನವರ ಪಾಲಾಗುತ್ತದೆ ಎಂದು ವರ್ಷಗಟ್ಟಲೆ ಸಾರಿದವನೂ ಅವನೇ. ಆದರೂ ಇದು ದೇವರ ಮಾತೆಂದು ತಿಳಿದು, 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಸಾಕ್ಷಿಗಳಿಂದ ರುಜು ಹಾಕಿಸುತ್ತಾನೆ. ಮುದ್ರೆ ಒತ್ತಿದ ಕ್ರಯಪತ್ರ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡು ಎನ್ನುತ್ತಾನೆ.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪನೋಂದಣಿ ಕಚೇರಿಯ ಮುಂದೆ ಪಹಣಿ, ಕ್ರಯಪತ್ರ ಹಿಡಿದು ದಿನಗಟ್ಟಲೆ ನಿಂತವರು ನಾವು. ಮುಳುಗಡೆಯಾಗುವ ಜಮೀನಿಗೆ ಪೂರ್ತಿ ಹಣ ಕೊಟ್ಟು ನೋಂದಣಿ ಮಾಡಿಸಿದ ಹಾಗೆ ಇದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವ್ಯವಹಾರದ ಅಚ್ಚುಕಟ್ಟು. ತೂಕ ಸರಿಯಾಗಿದೆ, ಸಾಕ್ಷಿ ಇದ್ದಾರೆ, ಮುದ್ರೆ ಇದೆ, ಪಾತ್ರೆ ಇದೆ. ಮುಂದೊಂದು ದಿನ ಈ ದೇಶದಲ್ಲಿ ಮನೆಗಳನ್ನೂ ಹೊಲಗಳನ್ನೂ ದ್ರಾಕ್ಷಿತೋಟಗಳನ್ನೂ ಮತ್ತೆ ಕೊಳ್ಳುವರು ಎಂಬ ಮಾತನ್ನು ನಂಬಿದವನು, ಆ ನಂಬಿಕೆಯನ್ನು ಕೈಯಿಂದ ಮಾಡಬಹುದಾದ ಒಂದು ಕೆಲಸವಾಗಿಸಿದ. ಅದನ್ನು ಮಾಡಿ ಮುಗಿಸಿದ ಮೇಲೆಯೇ, ನಗರ ಶತ್ರುವಿನ ಕೈಗೆ ಹೋಗುತ್ತಿರುವಾಗ ಹೊಲ ಕೊಳ್ಳಲು ಏಕೆ ಹೇಳಿದೆ ಎಂದು ದೇವರನ್ನು ಕೇಳುತ್ತಾನೆ. ಅರ್ಥವಾದ ಮೇಲೆ ಮಾಡಿದ್ದಲ್ಲ.

ಹಾಗಾದರೆ ಮನೆಯಿಂದ ಹೊರಗೆ ಹೋಗಲಾಗದ ನಾನು ಮಾಡಬಹುದಾದದ್ದು ಏನು? ಮಿಂಚುಪಟ್ಟಿ. ಮನೆಗೆ ಬಂದ ಮದುವೆಯ ಆಮಂತ್ರಣ ಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿ, ಮೊದಲ ಐದು ಅಕ್ಷರಗಳಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಪದಗಳನ್ನು ಬರೆದೆ. ಗುಂಪು ಹೊರಟು ನಿಂತಾಗ ಮಗುವಿನ ಕೈಗೆ ಕೊಟ್ಟು ಕಳುಹಿಸಬಹುದಾದ ಕಟ್ಟುಗಳು ಅವು. ಮೊದಲೆಲ್ಲ ಪಟ್ಟಿಗಳು ನನ್ನ ಚೀಲದಲ್ಲೇ ಉಳಿಯುತ್ತಿದ್ದವು, ಮಗು ಬರಿಗೈಯಲ್ಲಿ ಹೋಗುತ್ತಿತ್ತು. ಚಿತ್ರಗಳಿಗೆ ಬೇರೆ ಕಡೆ ಹುಡುಕಲಿಲ್ಲ. ಆ ಮಕ್ಕಳು ದಿನವೂ ನೋಡುವುದನ್ನೇ ಬರೆದೆ: ಮಚ್ಚು, ಹೊರೆ, ಗಾಡಿ, ಎತ್ತು, ನಾಲೆ. ಯಜಮಾನರ ಎಡಗೈಗೆ ಕತ್ತರಿ ಹಿಡಿಯುವ ಅಭ್ಯಾಸವಾಗಲಿ ಎಂದು ವೈದ್ಯರು ಹೇಳಿದ್ದರಿಂದ ಪಟ್ಟಿ ಕತ್ತರಿಸುವುದು ಅವರ ಪಾಲಿಗೆ ಬಂತು. ಅಂಚು ಸೊಟ್ಟಗಿರುತ್ತಿತ್ತು, ಆಗಲಿ. ಬರದ ವರ್ಷದಲ್ಲಿ ಏರಿಯ ಮೇಲೆ ಒಂದು ಬಿಡಾರವೂ ಇಲ್ಲದಿದ್ದಾಗ ನಮ್ಮ ಮನೆಯ ಟ್ರಂಕಿನಲ್ಲಿ ಈ ಕಟ್ಟುಗಳು ತುಂಬುತ್ತಿದ್ದವು.

ನಮ್ಮ ಬೀದಿಯಲ್ಲಿ ಮೇಲುಕೋಟೆ ಮೂಲದ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರಿದ್ದಾರೆ. ಯಜಮಾನರನ್ನು ನೋಡಲು ಬಂದವರು ಈ ಟ್ರಂಕನ್ನು ನೋಡಿ ರಾಮಾನುಜಾಚಾರ್ಯರ ಮಾತು ತೆಗೆದರು. ಆಚಾರ್ಯರ ಕೈಂಕರ್ಯವೆಲ್ಲ ಶ್ರೀರಂಗದಲ್ಲಿ. ಚೋಳರ ಕಿರುಕುಳದಿಂದ ಅದನ್ನು ಬಿಟ್ಟು ಕಾವೇರಿಯ ಈ ಕಡೆಗೆ ಬಂದವರು ತೊಣ್ಣೂರಿನಲ್ಲೂ ಮೇಲುಕೋಟೆಯಲ್ಲೂ 12 ವರ್ಷ ಇದ್ದರೆಂದು ಪರಂಪರೆ ಹೇಳುತ್ತದೆ. ಹಿಂದಿರುಗುವ ದಿನಕ್ಕೆ ಕಾಯುತ್ತ ಕೂರದೆ ದೇವಾಲಯದ ವ್ಯವಸ್ಥೆ ಕಟ್ಟಿದರು, ಜನರನ್ನು ಕೂಡಿಸಿದರು. ಹೊರಟು ನಿಂತಾಗ ಅಗಲಲಾರದ ಶಿಷ್ಯರಿಗಾಗಿ ತಮ್ಮ ವಿಗ್ರಹವನ್ನೇ ಉಳಿಸಿ ಹೋದರು. ಅದು ಇಂದಿಗೂ ಮೇಲುಕೋಟೆಯಲ್ಲಿದೆ. "ವಾಪಸು ಹೋಗುವ ದಿನ ಮೊದಲೇ ಗೊತ್ತಿದ್ದರೆ ಇಲ್ಲಿ ಇಷ್ಟು ಕಟ್ಟುತ್ತಿರಲಿಲ್ಲವೋ ಏನೋ, ನೋಡಿಯಮ್ಮ" ಎಂದರು ಮೇಷ್ಟ್ರು. ನಮ್ಮಿಬ್ಬರ ದೇವರ ಹೆಸರು ಬೇರೆ. ಕಾಯುವುದರ ಬಗ್ಗೆ ಅವರು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು.

ಒಂದು ಅಪಾಯವನ್ನೂ ಹೇಳದಿದ್ದರೆ ಆ ಹುಡುಗನಿಗೆ ಅನ್ಯಾಯ ಮಾಡಿದಂತೆ. ಕಷ್ಟ ಬಂತು ಎಂಬುದೇ ಕರೆಗೆ ಪುರಾವೆಯಲ್ಲ. ಹಟಕ್ಕೂ ಕಷ್ಟ ಬರುತ್ತದೆ. ಸ್ವಂತ ಹೆಸರಿನ ಆಸೆಯನ್ನು ದೇವರ ಹೆಸರಿನಲ್ಲಿ ಹೊತ್ತು, ಹೆಂಡತಿ ಮಕ್ಕಳನ್ನು ಬೀದಿಗೆ ತಂದವರನ್ನು ನಾನು ನೋಡಿದ್ದೇನೆ. ಸುರುಳಿ ಬರೆದು ಬರೆದು ದಣಿದ ಬಾರೂಕನಿಗೆ ದೇವರು ಹೇಳಿದ್ದು ಇದನ್ನೇ: ನಿನಗಾಗಿ ದೊಡ್ಡ ದೊಡ್ಡ ಸಂಗತಿಗಳನ್ನು ಹುಡುಕುತ್ತೀಯಾ? ಹುಡುಕಬೇಡ. ಆದ್ದರಿಂದ ನನ್ನನ್ನು ನಾನು ಕೇಳಿಕೊಳ್ಳುವ ಪ್ರಶ್ನೆ, ಈ ಕೆಲಸಕ್ಕೆ ನನ್ನ ಹೆಸರು ಅಂಟದಿದ್ದರೂ, ಇದನ್ನು ಸೇವೆ ಎಂದು ಯಾರೂ ಕರೆಯದಿದ್ದರೂ ಮಾಡುತ್ತೇನೆಯೇ? ಆ ಹುಡುಗನಿಗೂ ಅದೇ ಪ್ರಶ್ನೆ. ಸಭಾಪಾಲಕರ ನಿಲುವಂಗಿ ಸಿಗದಿದ್ದರೂ ಔಷಧಿ ಅಂಗಡಿಗೆ ಬರುವ ರೋಗಿಯ ಮನೆಗೆ ಹೋಗಿ ಪಕ್ಕದಲ್ಲಿ ಕೂರುವ ಮನಸ್ಸಿದೆಯೇ? ಇದ್ದರೆ ಅವನೊಳಗಿನ ಬೆಂಕಿಯನ್ನು ನಾನು ನಂಬುತ್ತೇನೆ. ಅರ್ಜಿಯನ್ನೂ ಮತ್ತೆ ಹಾಕಲಿ, ನಾಚಿಕೆಪಡುವುದೇನಿಲ್ಲ. ಇನ್ನೊಂದು ಮಾತು. ಯೆರೂಸಲೇಮ್ ಬಿದ್ದ ಮೇಲೆ ಉಳಿದ ಜನ ಬಂದು ನಮಗೆ ದಾರಿ ಕೇಳಿ ಹೇಳು ಎಂದಾಗ, ಯೆರೆಮೀಯನಂಥ ಪ್ರವಾದಿಗೂ ಉತ್ತರ ಬಂದದ್ದು 10 ದಿನಗಳ ನಂತರ. ಅಷ್ಟು ದಿನ ಅವನು ತನ್ನ ತಲೆಯಿಂದ ಉತ್ತರ ಹೊಸೆಯಲಿಲ್ಲ.

ಫಲವನ್ನು ಲೆಕ್ಕ ಹಾಕುವ ಬಗ್ಗೆ ಯೋಚಿಸುವಾಗ ನನಗೆ ಶ್ರೀರಂಗಪಟ್ಟಣದ ಗಂಜಾಂ ಕಡೆಯ ಹಳೆಯ ಚರ್ಚು ನೆನಪಾಗುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಅಲ್ಲಿನ ಚದುರಿದ ಕ್ರೈಸ್ತರ ನಡುವೆ ಕೆಲಸ ಮಾಡಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬೊಯ್. ನಮ್ಮವರ ಉಡುಗೆ ತೊಟ್ಟು, ನಮ್ಮವರ ಊಟ ಮಾಡಿ ಬದುಕಿದರು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸವನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಿದರು. ದಿಕ್ಕಿಲ್ಲದವರಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು. ಆದರೆ 1823ರಲ್ಲಿ ಊರಿಗೆ ಮರಳಿದಾಗ, ಈ ದೇಶದ ಜನರನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು, ಇಷ್ಟು ವರ್ಷದ ಯತ್ನ ಫಲಿಸಲಿಲ್ಲ ಎಂಬ ಅರ್ಥದ ಪತ್ರಗಳನ್ನೇ ಪ್ರಕಟಿಸಿದರು. ಅವರ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ, ಅವರ ಲೆಕ್ಕವನ್ನು ಒಪ್ಪುವುದಿಲ್ಲ. ಸಿಡುಬಿಗೆ ಬಲಿಯಾಗದೆ ದೊಡ್ಡವರಾದ ಮಕ್ಕಳು ಆ ಲೆಕ್ಕದಲ್ಲಿ ಎಲ್ಲಿ?

ಯೆರೆಮೀಯನ ಹೊಲ ಏನಾಯಿತು? ಅವನು ಅದರಲ್ಲಿ ಉತ್ತಿದ, ಬಿತ್ತಿದ ಎಂದು ಎಲ್ಲಿಯೂ ಬರೆದಿಲ್ಲ. ಜನ ಅವನನ್ನು ತಮ್ಮೊಂದಿಗೆ ಐಗುಪ್ತಕ್ಕೆ ಎಳೆದೊಯ್ದರು, ಸತ್ಯವೇದದಲ್ಲಿ ಅವನ ಕಥೆ ಅಲ್ಲಿಗೆ ನಿಲ್ಲುತ್ತದೆ. ಎಷ್ಟೋ ವರ್ಷಗಳ ನಂತರ ಬಾಬೆಲಿನ ಸೆರೆಯಿಂದ ಮರಳಿದವರ ಪಟ್ಟಿಯೊಂದು ಎಜ್ರನ ಗ್ರಂಥದ 2ನೆಯ ಅಧ್ಯಾಯದಲ್ಲಿದೆ. ಸಾಮಾನ್ಯವಾಗಿ ಯಾರೂ ಓದದೆ ಪುಟ ತಿರುಗಿಸುವ ಪಟ್ಟಿ ಅದು. 23ನೆಯ ವಚನದಲ್ಲಿ ಹೀಗಿದೆ: ಅನಾತೋತಿನವರು 128 ಮಂದಿ. ಯಜಮಾನರಿಗೆ ಓದಿ ಹೇಳುತ್ತಿದ್ದ ಒಂದು ಬೆಳಿಗ್ಗೆ ಆ ಸಾಲು ನನ್ನ ಕಣ್ಣಿಗೆ ಬಿತ್ತು. ಮುಂದೆ ಓದಲಾಗದೆ ನಿಲ್ಲಿಸಿದೆ. ಅವರು ತೊದಲುತ್ತ, "ಹೊಲಕ್ಕೆ ಜನ ಬಂದರು" ಎಂದರು.

ಈಗ ಮತ್ತೆ ಬಿಡಾರಗಳು ಬಂದಿವೆ. ಯಜಮಾನರು ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಾರೆ, ಸಂಜೆ ಒಂದೆರಡು ಗಂಟೆ ಅವರನ್ನು ಬಿಟ್ಟು ಹೋಗಬಹುದು. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ, ಬಿಡಾರದ ಮಕ್ಕಳನ್ನು ಇರುವಷ್ಟು ದಿನ ತರಗತಿಯಲ್ಲಿ ಕೂರಿಸಿಕೊಳ್ಳಲು ಒಪ್ಪಿದ್ದಾರೆ, ಬಿಸಿಯೂಟವನ್ನೂ ಕೊಡುತ್ತಿದ್ದಾರೆ. ಕೂಸು ಹೊತ್ತ ಹುಡುಗಿಯರನ್ನು ಕೂಸಿನ ಸಮೇತ ಒಳಗೆ ಬಿಡಬೇಕು ಎಂಬ ನನ್ನ ಬೇಡಿಕೆಗೆ ಅವರು ಸ್ವಲ್ಪ ಯೋಚಿಸಿ ಸರಿ ಎಂದರು. ಟ್ರಂಕಿನ ಕಟ್ಟುಗಳು ಒಂದೊಂದಾಗಿ ಖಾಲಿಯಾಗುತ್ತಿವೆ.

ಒಂದು ಕೊರತೆ ಉಳಿದಿದೆ. ಈ ಬಾರಿ ಬಂದ ಚಿಕ್ಕ ಮಕ್ಕಳಿಗೆ ಕನ್ನಡ ಅಷ್ಟಾಗಿ ಬಾರದು, ಮನೆಮಾತು ಲಂಬಾಣಿ. ನನಗೆ ಆ ಭಾಷೆಯಲ್ಲಿ ಬಾ, ಕುಳಿತುಕೋ ಎನ್ನಲು ಸಹ ಬರುವುದಿಲ್ಲ. ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಲಂಬಾಣಿ ಮಾತನಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ನೀವು ಬರಬೇಕಾಗಿಲ್ಲ, ನಾನೇ ನಿಮ್ಮಲ್ಲಿಗೆ ಬಂದು ಕಲಿಯುತ್ತೇನೆ. ಬೆಳಗಿನ ಹೊತ್ತಾದರೆ ಒಳ್ಳೆಯದು. ಕಟಾವು ಮುಗಿಯುವುದರೊಳಗೆ ಸ್ವಲ್ಪವಾದರೂ ಬರಬೇಕು.